ಸಹಾಯ ಬೇಕು: ಡೆಂಗಿ ಹಬ್ಬುತ್ತಿದೆ, ಕಟ್ಟಡದ ಕೆಲಸ ನಿಲ್ಲಿಸುವುದು ಹೇಗೆ? (ಹುಬ್ಬಳ್ಳಿ, ವಿದ್ಯಾನಗರ)

ಅಣ್ಣಾರೆ, ಅಕ್ಕಾರೆ, ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮ ಓಣಿಯಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ನೆಲಮಾಳಿಗೆಯ ಗುಂಡಿ, ಕಾಂಕ್ರೀಟ್ ಗಟ್ಟಿಯಾಗಲೆಂದು (ಕ್ಯೂರಿಂಗ್) ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಡ್ರಮ್ಮು, ಎಲ್ಲದರಲ್ಲೂ ಸೊಳ್ಳೆಮರಿ. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳಿಗೇ ಜಾಸ್ತಿ ಜ್ವರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಬೆಳೆದು ಹಾರಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲ. ಗುತ್ತಿಗೆದಾರರು ಮಾಲೀಕರನ್ನು ಕೇಳಿ ಅಂತಾರೆ, ಮಾಲೀಕರು ಫೋನೇ ಎತ್ತುವುದಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಕಟ್ಟಡದ ಜಾಗಗಳಿಗೆ ನಗರದಲ್ಲಿ 2,000 ರೂಪಾಯಿ ದಂಡ ಗೊತ್ತುಮಾಡಿತು. ಕೋಟಿ ಸುರಿಯುವವರಿಗೆ ಅದು ಲೆಕ್ಕಕ್ಕೇ ಇಲ್ಲ. ದಂಡ ಕಟ್ಟಿಯೂ ನೀರು ತೆಗೆಯದಿದ್ದರೆ ಕೆಲಸ ನಿಲ್ಲಿಸಲು ಯಾರಿಗೆ ಅರ್ಜಿ ಕೊಡಬೇಕು? ಪಾಲಿಕೆ ವಲಯ ಕಚೇರಿಗೋ, ಆಯುಕ್ತರಿಗೋ, ಜಿಲ್ಲಾಧಿಕಾರಿಗೋ? ನಿಮ್ಮ ಕಡೆ ಯಾರಾದರೂ ಹೀಗೆ ನಿಲ್ಲಿಸಿದ್ದರೆ ಅರ್ಜಿಯ ನಕಲು ಕಳಿಸಿ.

ಇನ್ನೊಂದು ಮಾತು. ಕೆಲಸದವರು ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಇದ್ದಾರೆ. ಸೊಳ್ಳೆ ಮೊದಲು ಕಚ್ಚುವುದು ಅವರನ್ನೇ ಅಲ್ವಾ? ಕೆಲಸ ನಿಂತರೂ ಅವರ ಪಗಾರ ನಿಲ್ಲಬಾರದು. ಅವರ ಪರವಾಗಿ ಕಾರ್ಮಿಕ ಇಲಾಖೆಯಲ್ಲಿ ಮಾತನಾಡಬಲ್ಲವರು ಗ್ರೂಪಿನಲ್ಲಿದ್ದರೆ ನನಗೆ ಮೆಸೇಜ್ ಮಾಡಿ.