ಬೆನ್ನಿಲ್ಲದ ಪುಸ್ತಕಗಳು: ಚಾಪ್‌ಬುಕ್ ಹೇಗೆ ಇಡುತ್ತೀರಿ, ವಿಮರ್ಶೆ ಹೇಗೆ ಬರೆಯುತ್ತೀರಿ?

ನಡುಹಾಳೆ:

ನಮಸ್ಕಾರ. ಎರಡು ಪ್ರಶ್ನೆ ಇವೆ. ಒಂದಕ್ಕೊಂದು ಏನೋ ನಂಟಿದೆ ಅನ್ನಿಸುತ್ತದೆ, ಏನು ಅಂತ ಸರಿಯಾಗಿ ಹೊಳೆಯುತ್ತಿಲ್ಲ, ಅದಕ್ಕೇ ಒಟ್ಟಿಗೇ ಕೇಳುತ್ತಿದ್ದೇನೆ.

ಆರು ವರ್ಷದಿಂದ ಸಣ್ಣ ಪ್ರಕಾಶನಗಳ ಕವನದ ಚಾಪ್‌ಬುಕ್ (ಕೆಲವೇ ಪುಟದ ತೆಳು ಪುಸ್ತಿಕೆ) ಕೊಳ್ಳುತ್ತಿದ್ದೇನೆ. ಕೂಡಿಡಬೇಕು ಅಂತ ಶುರು ಮಾಡಿದ್ದಲ್ಲ. ಒಂದು ಕೊಂಡೆ, ಚೆನ್ನಾಗಿತ್ತು, ಅದೇ ಪ್ರಕಾಶನದ್ದು ಇನ್ನೊಂದು ಕೊಂಡೆ, ಹೀಗೇ. ಮೊನ್ನೆ ಎಣಿಸಿದರೆ 140 ದಾಟಿವೆ. ಎಲ್ಲವೂ ಮಡಿಸಿದ ಹಾಳೆ, ಮಡಿಕೆಗೆ ಎರಡು ಸ್ಟೇಪ್ಲರ್ ಪಿನ್, ಅಷ್ಟೇ. ಬೆನ್ನೇ ಇಲ್ಲ, ಇನ್ನು ಬೆನ್ನ ಮೇಲೆ ಹೆಸರೆಲ್ಲಿಂದ ಬರಬೇಕು? ಶೆಲ್ಫಿನಲ್ಲಿ ನಿಲ್ಲಿಸಿದರೆ ಯಾವುದು ಯಾವುದೋ ದೇವರಿಗೇ ಗೊತ್ತು. ಹೋದ ವಾರ ಒಂದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಿಕ್ಕಿತೇನೋ ಸಿಕ್ಕಿತು, ಆದರೆ ಮೇಲಿನ ಪಿನ್ ತುಕ್ಕು ಹಿಡಿದು ನಡುವಿನ ಪುಟಕ್ಕೆ ಕಂದು ಕಲೆ ಬಿದ್ದಿದೆ. ಸರಿಯಾಗಿ ಒಂದು ಸಾಲಿನ ಮೊದಲ ಪದದ ಮೇಲೆ. ಹೊಟ್ಟೆ ಉರಿಯಿತು.

ಎರಡನೆಯದು. ಇವುಗಳ ಬಗ್ಗೆ ಬರೆಯಬೇಕು ಅಂತ ಆಸೆ. ಬರೆಯಲು ಕೂತರೆ 'ಭರವಸೆಯ ಕವಿ', 'ಮನಸ್ಸಿಗೆ ನಾಟುವ ಸಾಲುಗಳು' ಇಂಥದ್ದೇ ಬರುತ್ತದೆ, ಬರೆದವನಿಗೇ ಬೇಜಾರು. 18 ಕವನ ಇರುವ ಪುಸ್ತಕಕ್ಕೆ ಎಷ್ಟು ಉದ್ದ ಬರೆಯಬೇಕು? ಎಷ್ಟು ಸಾಲು ಎತ್ತಿ ಹಾಕಬಹುದು? ಇಷ್ಟವಾಗದಿದ್ದರೆ ಬರೆಯಬೇಕಾ, ಸುಮ್ಮನಿರಬೇಕಾ? 100 ಪ್ರತಿ ಅಚ್ಚಾಗಿ ಮುಗಿದುಹೋದ ಪುಸ್ತಕದ ವಿಮರ್ಶೆ ಓದಿ ಯಾರಿಗೆ ಏನು ಲಾಭ, ಅದೂ ಒಂದು ಅನುಮಾನ.

ಹಳೇಪಿನ್ನು:

ಮೊದಲ ಪ್ರಶ್ನೆ ನನಗೆ ಬಿಡಿ, ಎರಡನೆಯದರ ಹತ್ತಿರ ನಾನು ಹೋಗುವುದಿಲ್ಲ.

ಶೆಲ್ಫಿನಿಂದ ಇಳಿಸಿ. ತೆಳು ಪುಸ್ತಕ ಆಸರೆ ಇಲ್ಲದೆ ನಿಂತರೆ ತಿಂಗಳೊಳಗೆ ಸೊಂಟ ಬಗ್ಗುತ್ತದೆ. ಆಸಿಡ್ ಇಲ್ಲದ ರಟ್ಟಿನ ಡಬ್ಬಿ ತನ್ನಿ, ಲೈಬ್ರರಿ ಕಾರ್ಡು ಜೋಡಿಸಿದ ಹಾಗೆ ಮುಖಪುಟ ನಿಮ್ಮ ಕಡೆ ಮಾಡಿ ಸಾಲಾಗಿ ಇಡಿ. ಡಬ್ಬಿ ತುಂಬಿರಬೇಕು, ಆದರೆ ಒಂದನ್ನು ಎಳೆದರೆ ಪಕ್ಕದ್ದೂ ಜೊತೆಗೆ ಬರುವಷ್ಟು ಬಿಗಿ ಬೇಡ. ಒಂದೊಂದಕ್ಕೂ ಪಾಲಿಪ್ರಾಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಹಾಕಿ. ಹೊಸ ರೈನ್‌ಕೋಟಿನ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಇರುತ್ತದಲ್ವಾ, ಪಿವಿಸಿ, ಅದು ಮಾತ್ರ ಬೇಡವೇ ಬೇಡ. ವರ್ಷ ಕಳೆದ ಹಾಗೆ ಅದರಿಂದ ಆಸಿಡ್ ಹೊರಬರುತ್ತದೆ, ಮುಖಪುಟದ ಶಾಯಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದು ಬರುವುದೂ ಉಂಟು.

ಹೆಸರು ಬರೆದ ಚೀಟಿ ಕವರ್ ಮೇಲಿರಲಿ, ಪುಸ್ತಕದ ಮೇಲೆ ಬೇಡ. ಪುಸ್ತಕದೊಳಗೆ ಬರೆಯಲೇಬೇಕಾದರೆ ಪೆನ್ಸಿಲ್. ಸೆಲ್ಲೋಟೇಪ್ ಹಚ್ಚುವವರ ಕೈ ಕಟ್ಟಿಹಾಕಿ. ಬಣ್ಣ ಬಣ್ಣದ ಅಂಟುಚೀಟಿ ಕೂಡ ಬೇಡ, ಕಿತ್ತ ಮೇಲೂ ಅದರ ಅಂಟು ಕಾಗದದಲ್ಲೇ ಉಳಿದಿರುತ್ತದೆ.

ರಿಸೊಗ್ರಾಫ್ ಅನ್ನುವ ಮುದ್ರಣ ಯಂತ್ರದಲ್ಲಿ ಅಚ್ಚಾದವು ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಗಾಢ ಬಣ್ಣ ತುಂಬಿದ ಕಡೆ ಬೆರಳು ಉಜ್ಜಿದರೆ ಈಗಲೂ ಬೆರಳಿಗೆ ಬಣ್ಣ ಬರುತ್ತದೆ, ಎಣ್ಣೆ ಆಧಾರದ ಶಾಯಿ, ಪೂರ್ತಿ ಒಣಗುವುದಿಲ್ಲ. ಅಂಥ ಪುಟದ ಎದುರಿಗೆ ಒಂದು ತೆಳು ಟಿಶ್ಯೂ ಹಾಳೆ ಇಟ್ಟರೆ ಎದುರುಪುಟ ಉಳಿಯುತ್ತದೆ.

ಜೋಡಿಸುವಾಗ ಕವಿಯ ಹೆಸರಿನ ಪ್ರಕಾರ ಹೋಗಬೇಡಿ, ಪ್ರಕಾಶನದ ಪ್ರಕಾರ ಇಡಿ, ಅದರೊಳಗೆ ವರ್ಷ. ಇದು ನನ್ನ ಹಠ, ಒಪ್ಪದವರು ಜಾಸ್ತಿ ಇದ್ದಾರೆ. ಆದರೆ ಒಬ್ಬರೋ ಇಬ್ಬರೋ ನಡೆಸುವ ಪ್ರಕಾಶನ ಹತ್ತು ಪುಸ್ತಕದಲ್ಲಿ ಹೇಗೆ ಕಾಗದ ಬದಲಿಸಿತು, ಅಕ್ಷರ ಬದಲಿಸಿತು, ಯಾವ ವರ್ಷ ದುಡ್ಡು ಸಾಲದೆ ಕಪ್ಪುಬಿಳುಪಿಗೆ ಇಳಿಯಿತು, ಇದೆಲ್ಲ ಹಾಗೆ ಇಟ್ಟರೆ ಮಾತ್ರ ಕಾಣುತ್ತದೆ.

ತುಕ್ಕು ಹಿಡಿದ ಪಿನ್ ತೆಗೆದುಬಿಡಿ. ಒಳಗಿನ ಎರಡು ಕಾಲನ್ನು ತೆಳು ಚಾಕುವಿನಿಂದ ನೆಟ್ಟಗೆ ಮಾಡಿ, ಕೆಳಗೆ ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟುಕೊಂಡು, ಹೊರಗಿನಿಂದ ಮೆಲ್ಲಗೆ ಎಳೆಯಿರಿ. ಆಮೇಲೆ ಅದೇ ತೂತುಗಳಲ್ಲಿ ಲಿನನ್ ದಾರ ಹಾಯಿಸಿ ಹೊಲಿದರೆ ಆಯಿತು. ಕಲೆ ಹೋಗುವುದಿಲ್ಲ, ಹರಡುವುದು ನಿಲ್ಲುತ್ತದೆ. ಉಳಿದ ಪಿನ್ನುಗಳಿಗೆ ತೇವವೇ ಶತ್ರು, ಕೋಣೆಯ ತೇವಾಂಶ ಶೇಕಡಾ 50ರ ಕೆಳಗೇ ಇರುವ ಹಾಗೆ ನೋಡಿಕೊಳ್ಳಿ.

ಎರಡನೇ ಓದು:

ವಿಮರ್ಶೆಯ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

'ಭರವಸೆಯ ಕವಿ' ಯಾಕೆ ಬರುತ್ತದೆ ಗೊತ್ತಾ? ನೀವು ಪುಸ್ತಕ ಬಿಟ್ಟು ಕವಿಯ ಬಗ್ಗೆ ಬರೆಯಲು ಹೊರಟಿರುತ್ತೀರಿ. ಚಾಪ್‌ಬುಕ್ಕನ್ನು ದೊಡ್ಡ ಸಂಕಲನಕ್ಕೆ ಮುಂಚಿನ ರಿಹರ್ಸಲ್ ಅಂದುಕೊಂಡರೆ ಆ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಚಾಪ್‌ಬುಕ್ ಬೇರೆಯೇ ಆದ ಒಂದು ಆಕಾರ. ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. 90 ಪುಟದ ಸಂಕಲನದಲ್ಲಿ ನಾಲ್ಕು ಸೋತ ಕವನ ಎಲ್ಲೋ ಅಡಗಿಕೊಳ್ಳುತ್ತವೆ, 20 ಪುಟದಲ್ಲಿ ಅಡಗಲು ಜಾಗ ಎಲ್ಲಿದೆ? ಹಾಗಾಗಿ ಕವನಗಳ ಸರದಿ ನೋಡಿ. ಮೊದಲನೆಯದು ಯಾಕೆ ಮೊದಲು? ಏಳನೆಯದನ್ನು ಎತ್ತಿಬಿಟ್ಟರೆ ಎಂಟನೆಯದು ನಿಲ್ಲುತ್ತದಾ?

ನಡುಪುಟ ನೋಡಿ. ಪಿನ್ ಹೊಡೆದ ಪುಸ್ತಕದಲ್ಲಿ ಎದುರುಬದುರು ಪುಟ ಎರಡೂ ಒಂದೇ ಹಾಳೆಯ ಒಂದೇ ಮಗ್ಗುಲು ಆಗಿರುವುದು ಅಲ್ಲಿ ಮಾತ್ರ. 24 ಪುಟದ್ದಾದರೆ 12 ಮತ್ತು 13. ಉದ್ದ ಸಾಲಿನ ಕವನ ಮಡಿಕೆ ದಾಟಿ ಆಚೆ ಹೋಗಬೇಕಾದರೆ ಅಲ್ಲೇ ಸಲೀಸು. ಕೆಲವರು ಇದನ್ನು ಬೇಕೆಂದೇ ಬಳಸುತ್ತಾರೆ, ಕೆಲವರಿಗೆ ತಲೆಗೇ ಹೋಗಿರುವುದಿಲ್ಲ, ಒಂದು ಕವನ ಅರ್ಧಕ್ಕೆ ತುಂಡಾಗಿ ಅಲ್ಲಿ ಸುಮ್ನೆ ಬಿದ್ದಿರುತ್ತದೆ. ಎರಡೂ ಬರೆಯಬೇಕಾದ ವಿಷಯವೇ.

ಉದ್ದ 400ರಿಂದ 600 ಪದ ಸಾಕು. 18 ಕವನವನ್ನೂ ಹೆಸರಿಸಿ ಹಾಜರಿ ಕರೆಯಬೇಡಿ, ಮೂರು ಹಿಡಿದು ಕೂತುಕೊಳ್ಳಿ. ಎತ್ತಿ ಹಾಕುವ ಸಾಲುಗಳ ಲೆಕ್ಕ ಇಡೀ ಪುಸ್ತಕಕ್ಕೆ ಹೋಲಿಸಿ ಆಗಬೇಕು. ಎಂಟು ಸಾಲಿನ ಕವನದಲ್ಲಿ ಆರು ಸಾಲು ಎತ್ತಿದರೆ ಅದು ವಿಮರ್ಶೆಯಲ್ಲ, ಮರುಮುದ್ರಣ. ಹೈಕು ಆದರೆ ಇನ್ನೂ ಕಷ್ಟ, ಒಂದು ಎತ್ತಿದರೂ ಪೂರ್ತಿ ಕವನವೇ ಹೋಯಿತು, ಕೇಳಿಯೇ ಹಾಕಿ. ಸಾಲು ಒಡೆಯುವ ಜಾಗ ಮೂಲದಲ್ಲಿ ಇದ್ದ ಹಾಗೇ ಇರಲಿ.

ಇಷ್ಟವಾಗದಿದ್ದರೆ? ಮೊದಲ ಪುಸ್ತಕ, 60 ಪ್ರತಿ, ಪ್ರಚಾರ ಏನೂ ಇಲ್ಲ ಅನ್ನುವಂಥದ್ದರ ಮೇಲೆ ಕತ್ತಿ ಎತ್ತುವುದು ನನಗೆ ಶೌರ್ಯ ಅನ್ನಿಸುವುದಿಲ್ಲ, ಅಂಥವು ಹಿಡಿಸದಿದ್ದರೆ ಬಿಟ್ಟುಬಿಡುತ್ತೇನೆ. ಆದರೆ ಬರೆಯಲು ಕೂತ ಮೇಲೆ ಸೋತ ಕವನವನ್ನು ಸೋತಿದೆ ಅಂತಲೇ ಹೇಳಬೇಕು, ಎಲ್ಲಿ ಸೋತಿತು ಅಂತ ಸಾಲು ತೋರಿಸಿ. ಕವಿ ನಿಮ್ಮ ಗೆಳೆಯರಾಗಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ. ಈ ಲೋಕ ಎಷ್ಟು ಸಣ್ಣದೆಂದರೆ ಎಲ್ಲರೂ ಎಲ್ಲರಿಗೂ ಗೊತ್ತು, ಅದೇನೂ ಅಪರಾಧವಲ್ಲ, ಮುಚ್ಚಿಟ್ಟರೆ ಮಾತ್ರ ತಪ್ಪು.

ತೂತುಗಳ ಲೆಕ್ಕ:

ಹಳೇಪಿನ್ನು ಅವರೇ, ಮಿಕ್ಕಿದ್ದೆಲ್ಲ ಸರಿ, ಪಿನ್ ತೆಗೆಯುವ ಮಾತು ಮಾತ್ರ ಇಷ್ಟು ಸಲೀಸಾಗಿ ಹೇಳಬೇಡಿ.

ಅಮೆರಿಕದ ಕವಿ ಎಮಿಲಿ ಡಿಕಿನ್‌ಸನ್ ತನ್ನ ಕವನಗಳನ್ನು ಮಡಿಸಿದ ಹಾಳೆಗಳಲ್ಲಿ ಬರೆದು ತಾನೇ ದಾರದಿಂದ ಹೊಲಿದು ಸಣ್ಣ ಪುಸ್ತಿಕೆ ಮಾಡಿಟ್ಟಿದ್ದಳು, ಸುಮಾರು 40. 1886ರಲ್ಲಿ ಅವಳು ತೀರಿಕೊಂಡ ಮೇಲೆ ತಂಗಿಗೆ ಸಿಕ್ಕವು. ಅಚ್ಚಿಗೆ ಸಿದ್ಧ ಮಾಡುವಾಗ ಆ ದಾರ ಬಿಚ್ಚಿದರು, ಹಾಳೆಗಳ ಸರದಿ ಕಲಸಿಹೋಯಿತು. ಅದನ್ನು ಮತ್ತೆ ಸರಿಪಡಿಸಿ ಪುಸ್ತಿಕೆಗಳು ಇದ್ದ ಹಾಗೇ ಅಚ್ಚಾಗಿ ಬರಲು 1981ರವರೆಗೆ ಕಾಯಬೇಕಾಯಿತು. ಆ ಸರದಿ ಪತ್ತೆಯಾಗಿದ್ದು ಹೇಗೆ ಅಂತೀರಿ? ಸೂಜಿಯ ತೂತು ಯಾವುದು ಯಾವುದಕ್ಕೆ ಹೊಂದುತ್ತದೆ, ಒಂದು ಹಾಳೆಯ ಕಲೆ ಇನ್ನೊಂದರ ಮೇಲೆ ಎಲ್ಲಿ ಒತ್ತಿಕೊಂಡಿದೆ, ಇಂಥವುಗಳಿಂದ. ನಾವು ಹಾಳು ಅನ್ನುವ ಕಲೆಯೇ ಅಲ್ಲಿ ಸಾಕ್ಷಿ ಹೇಳಿತು.

ತೆಗೆಯಲೇಬೇಡಿ ಅನ್ನುತ್ತಿಲ್ಲ. ತೆಗೆಯುವ ಮೊದಲು ಫೋಟೊ ಹೊಡೆದುಕೊಳ್ಳಿ, ಯಾವ ದಿನ ಏನು ಮಾಡಿದೆ ಅಂತ ಒಂದು ಚೀಟಿಯಲ್ಲಿ ಬರೆದು ಕವರಿನೊಳಗೆ ಇಡಿ.

ಇನ್ನು ನಡುಹಾಳೆ ಅವರ ಕೊನೆಯ ಅನುಮಾನ, ಮುಗಿದುಹೋದ ಪುಸ್ತಕದ ವಿಮರ್ಶೆ ಯಾರಿಗೆ ಅಂತ. ನನಗೆ ನಿಮ್ಮ ಎರಡು ಪ್ರಶ್ನೆಯ ನಂಟು ಅಲ್ಲೇ ಕಾಣುತ್ತದೆ. ಇವುಗಳಲ್ಲಿ ಎಷ್ಟಕ್ಕೋ ಐಎಸ್‌ಬಿಎನ್ (ಪುಸ್ತಕ ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಇಲ್ಲ. ಯುನೆಸ್ಕೊ 1964ರಲ್ಲಿ ಮಾಡಿದ ವ್ಯಾಖ್ಯೆಯಲ್ಲಂತೂ ಮುಖಪುಟ ಬಿಟ್ಟು ಕನಿಷ್ಠ 49 ಪುಟ ಇದ್ದರೆ ಮಾತ್ರ ಪುಸ್ತಕ, 5ರಿಂದ 48ರವರೆಗೆ ಬರೀ ಪ್ಯಾಂಫ್ಲೆಟ್. ಅಂದರೆ ನಿಮ್ಮ 140ರಲ್ಲಿ ಹೆಚ್ಚುಕಮ್ಮಿ ಒಂದೂ ಲೆಕ್ಕದ ಪ್ರಕಾರ ಪುಸ್ತಕವೇ ಅಲ್ಲ! ಪ್ರಕಾಶನ ನಿಂತುಹೋಗುತ್ತದೆ, ಅದರ ವೆಬ್‌ಸೈಟೂ ಹೋಗುತ್ತದೆ. ಹೀಗೊಂದು ಇತ್ತು ಅನ್ನುವುದಕ್ಕೆ ಎಷ್ಟೋ ಸಲ ಉಳಿಯುವುದು ಒಂದು ವಿಮರ್ಶೆ ಮತ್ತು ಯಾರದೋ ಡಬ್ಬಿಯಲ್ಲಿನ ಒಂದು ಪ್ರತಿ. ಅದಕ್ಕೇ ವಿಮರ್ಶೆಯ ತಲೆಯಲ್ಲೇ ಪುಟ, ಅಳತೆ, ಹೊಲಿಗೆಯೋ ಪಿನ್ನೋ, ಎಷ್ಟು ಪ್ರತಿ, ಯಾವ ವರ್ಷ, ಎಲ್ಲ ಹಾಕಿಬಿಡಿ. ಸಾಹಿತ್ಯದ ವಿಮರ್ಶೆಗೆ ಇದೆಲ್ಲ ಯಾಕೆ ಅನ್ನುವವರು ಅನ್ನಲಿ.

ದಿನಚರಿಗೆ ಹೆಸರಾದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ 17ನೇ ಶತಮಾನದಲ್ಲಿ ಬೀದಿಯಲ್ಲಿ ಮಾರುತ್ತಿದ್ದ ಅಗ್ಗದ ಚಾಪ್‌ಬುಕ್ಕುಗಳನ್ನು ಕೂಡಿಟ್ಟ, ಇಂದಿಗೂ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿವೆ. ಅವನು ಒಟ್ಟು ಸೇರಿಸಿ ಬೈಂಡ್ ಮಾಡಿಸಿದ್ದ, ಅದಕ್ಕೇ ಉಳಿದವು ಅಂತಲೂ ಹೇಳಬಹುದು. ನೀವು ಮಾತ್ರ ಬೈಂಡ್ ಮಾಡಿಸಬೇಡಿ. ಬೈಂಡರ್ ಅಂಚು ಕತ್ತರಿಸಿದರೆ ಪುಸ್ತಕದ ಮೂಲ ಅಳತೆಯೇ ಹೋಯಿತು.

ಮಡಿಚುವ ಕೈ:

ನಾನು ಇಂಥ ಪುಸ್ತಕ ಮಾಡುವವಳು. ಪ್ರಕಾಶನ ಅಂದರೆ ನಾನು, ಒಂದು ಮೇಜು, ಉದ್ದ ಕೈಯ ಸ್ಟೇಪ್ಲರ್.

ಎರಡನೇ ಓದು ಹೇಳಿದ್ದು ನಿಜ, ಆಕಾರ ನೋಡಿ. ಆದರೆ ಎಲ್ಲದರಲ್ಲೂ ಅರ್ಥ ಹುಡುಕಲು ಹೋಗಬೇಡಿ, ದಯವಿಟ್ಟು. ನಮ್ಮ ಒಂದು ಪುಸ್ತಕದ ಕೊನೆಯ ಎರಡು ಪುಟ ಖಾಲಿ ಇದ್ದವು. ಒಬ್ಬರು ವಿಮರ್ಶೆಯಲ್ಲಿ ಅದನ್ನು 'ಮಾತು ಸೋತ ಮೌನ' ಅಂತ ಒಂದು ಇಡೀ ಪ್ಯಾರಾ ಬರೆದರು. ನಡೆದಿದ್ದು ಏನಪ್ಪಾ ಅಂದರೆ, ಹಾಳೆ ಮಡಿಸಿದರೆ ಪುಟ ಬರುವುದೇ ನಾಲ್ಕು ನಾಲ್ಕಾಗಿ, ನಮ್ಮ ಹತ್ತಿರ ಇದ್ದದ್ದು 22 ಪುಟದ ಸರಕು. 24 ಆಗಲೇಬೇಕಲ್ಲ! ಕವಿಗೆ ಫೋನ್ ಮಾಡಿದೆ, ಇಬ್ಬರೂ ನಕ್ಕೆವು, ಆಮೇಲೆ ಅವರು 'ಇರಲಿ ಬಿಡಿ, ಇನ್ನು ಮೇಲೆ ನಾನೂ ಹಾಗೇ ಹೇಳುತ್ತೇನೆ' ಅಂದರು.

ಪ್ರಕಾಶಕಿಯಾಗಿ ಒಂದೇ ಬೇಡಿಕೆ. ವಿಮರ್ಶೆ ಬರೆಯುವ ಮೊದಲು ಒಂದು ಸಾಲು ಬರೆದು ಕೇಳಿ, ಎಷ್ಟು ಪ್ರತಿ ಹಾಕಿದಿರಿ, ಯಾವ ಕಾಗದ, ಇನ್ನೂ ಸಿಗುತ್ತದಾ ಅಂತ. ಅಷ್ಟು ಕೇಳುವವರೇ ಇಲ್ಲ. ಹೊಗಳಿಕೆ ಬರುತ್ತದೆ, ಜೊತೆಗೆ ಪುಸ್ತಕದ ಹೆಸರಿನಲ್ಲೇ ಒಂದಕ್ಷರ ತಪ್ಪಿರುತ್ತದೆ, ಹುಡುಕಿದವರಿಗೆ ಪುಸ್ತಕ ಸಿಗುವುದಿಲ್ಲ.

ನಡುಹಾಳೆ:

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ತಂದಾಯಿತು. ಪ್ರಕಾಶನದ ಪ್ರಕಾರವೇ ಜೋಡಿಸುತ್ತಿದ್ದೇನೆ, 31 ಮುಗಿದಿವೆ.

ತುಕ್ಕಿನ ಪುಸ್ತಕದಿಂದಲೇ ಬರೆಯಲು ಶುರು ಮಾಡಿದೆ. ತಲೆಯ ಸಾಲು ಹೀಗೆ ಬಂದಿದೆ: '24 ಪುಟ, 11 ಕವನ, ರಿಸೊ, ನೀಲಿ ಮತ್ತು ಕಪ್ಪು, ಎರಡು ಪಿನ್, 100ರಲ್ಲಿ 63ನೇ ಪ್ರತಿ.' ನಡುಪುಟ ನೋಡಿದೆ. ನಾನು ಇಷ್ಟು ದಿನ 12ರಲ್ಲಿ ಒಂದು ಕವನ, 13ರಲ್ಲಿ ಒಂದು ಕವನ ಅಂದುಕೊಂಡು ಓದುತ್ತಿದ್ದೆ. ಅದು ಒಂದೇ ಕವನ, ಸಾಲುಗಳು ಮಡಿಕೆ ದಾಟಿ ಆಚೆ ಹೋಗುತ್ತವೆ. ತುಕ್ಕು ಕೂತ ಪದ ಸಾಲಿನ ಮೊದಲ ಪದವೇ ಅಲ್ಲ, ನಡುವಿನದು. ಆರು ವರ್ಷ ತಪ್ಪಾಗಿ ಓದಿದ್ದೇನೆ.

ಫೋಟೊ ಹೊಡೆದುಕೊಂಡೆ. ಮೇಲಿನ ಪಿನ್ ತೆಗೆಯುತ್ತೇನೆ, ಕೆಳಗಿನದು ಚೆನ್ನಾಗಿದೆ, ಅದು ಇರಲಿ. ಹಳೇಪಿನ್ನು, ಒಂದೇ ಪಿನ್ ತೆಗೆದರೆ ಮೇಲಿನ ಎರಡು ತೂತಿಗೆ ಮಾತ್ರ ದಾರ ಹಾಕಬಹುದಾ, ಇಲ್ಲಾ ನಾಲ್ಕಕ್ಕೂ ಹಾಯಿಸಲೇಬೇಕಾ?

ಹಳೇಪಿನ್ನು:

ಎರಡಕ್ಕೇ ಸಾಕು. ಗಂಟು ಒಳಗಡೆ ಬರಲಿ, ಆ ಪದದ ಮೇಲೆ ಕೂರದ ಹಾಗೆ ನೋಡಿಕೊಳ್ಳಿ.