ಸಿಂಗಾಪುರದ ಕ್ರೂಸ್: ಏಜೆಂಟರ ಮೂಲಕ ಹೋಗುವುದೋ, ನಾವೇ ಬುಕ್ ಮಾಡುವುದೋ?

ಕುಕ್ಕರಹಳ್ಳಿ (ಮೈಸೂರು):

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ನನ್ನ ಅಪ್ಪ-ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬುತ್ತದೆ. ಛತ್ರ ಹಿಡಿದು ಊಟ ಹಾಕಿಸುವ ದುಡ್ಡಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಎಲ್ಲಿಗಾದರೂ ಹೋಗಿ ಬರೋಣ ಎಂದು ಅಪ್ಪನೇ ಹೇಳಿದ್ದರಿಂದ, ಸಿಂಗಾಪುರದಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ಮುಟ್ಟಿ ಮರಳಿ ಸಿಂಗಾಪುರಕ್ಕೇ ಬರುವ ನಾಲ್ಕು ರಾತ್ರಿಗಳ ಕ್ರೂಸ್ ಒಂದನ್ನು ನೋಡಿಟ್ಟಿದ್ದೇವೆ. ಹೋಗುವವರು ಆರು ಜನ: ಅಪ್ಪ, ಅಮ್ಮ, ಹುಬ್ಬಳ್ಳಿಯಲ್ಲಿರುವ ಅಣ್ಣ-ಅತ್ತಿಗೆ, ನಾನು ಮತ್ತು ಹನ್ನೊಂದು ವರ್ಷದ ನನ್ನ ಮಗ. ಅಪ್ಪನಿಗೆ ಈಗ 76. ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿದ್ದು, ಊರುಗೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ.

ಕ್ರೂಸ್ ಕಂಪನಿಯ ಜಾಲತಾಣದಲ್ಲಿ ಬಾಲ್ಕನಿ ಇರುವ ಮೂರು ಕ್ಯಾಬಿನ್‌ಗಳಿಗೆ, ಬಂದರು ಶುಲ್ಕವೂ ಸೇರಿ, ಸುಮಾರು 3,52,000 ರೂಪಾಯಿ ತೋರಿಸುತ್ತಿದೆ. ನಮ್ಮ ಬಡಾವಣೆಯ ಏಜೆಂಟರು ಅದೇ ಹಡಗಿಗೆ, ಅದೇ ದಿನಾಂಕಕ್ಕೆ 3,95,000 ಎಂದು ಕೊಟೇಶನ್ ಕೊಟ್ಟಿದ್ದಾರೆ. ವಿಮಾನದ ಟಿಕೆಟ್ ಎರಡರಲ್ಲೂ ಸೇರಿಲ್ಲ. ಇವರು ನಮ್ಮ ಕಾಶಿಯಾತ್ರೆಯನ್ನು ಚೆನ್ನಾಗಿಯೇ ಮಾಡಿಸಿದವರು. ಒಳ್ಳೆಯ ಮನುಷ್ಯರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಟೇಶನ್‌ನಲ್ಲಿ ಇರುವುದು "ಎಲ್ಲವೂ ಸೇರಿ" ಎಂಬ ಒಂದೇ ಸಾಲು. ಹೆಚ್ಚಿನ 43,000 ರೂಪಾಯಿ ಯಾವುದಕ್ಕೆ ಎಂದು ಕೇಳಿದರೆ "ಮೇಡಂ, ನೀವು ಚಿಂತೆ ಮಾಡಬೇಡಿ, ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ನಮ್ಮಲ್ಲಿ ಯಾರೂ ಹಡಗು ಹತ್ತಿದವರಲ್ಲ. ಏಜೆಂಟರಿಗೇ ಒಪ್ಪಿಸುವುದು ಜಾಣತನವೋ, ನೇರವಾಗಿ ಬುಕ್ ಮಾಡುವುದೋ ತಿಳಿದವರು ಹೇಳಬೇಕು.

ಹಳೆಯ ಕೌಂಟರ್ (ಬೆಂಗಳೂರು):

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಟ್ರಾವೆಲ್ ಏಜೆನ್ಸಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಯಾರಿಂದಲೂ ಕಮಿಷನ್ ಬರುವುದಿಲ್ಲವಾದ್ದರಿಂದ ಮುಚ್ಚುಮರೆಯಿಲ್ಲದೆ ಹೇಳಬಲ್ಲೆ.

ಮೊದಲು ಆ 43,000ದ ಲೆಕ್ಕ. ದೊಡ್ಡ ಹಡಗುಗಳಲ್ಲಿ ಸಿಬ್ಬಂದಿಯ ಟಿಪ್ಸ್ ಎಂದು ತಲೆಗೆ, ರಾತ್ರಿಗೆ ಇಷ್ಟು ಡಾಲರ್ ಎಂಬ ಲೆಕ್ಕದಲ್ಲಿ ಸೇವಾಶುಲ್ಕ ಹಾಕುತ್ತಾರೆ, ಸಾಮಾನ್ಯವಾಗಿ ಮಕ್ಕಳಿಗೂ. ಜಾಲತಾಣದಲ್ಲಿ ಮೊದಲು ಕಾಣುವ ಮೊತ್ತದಲ್ಲಿ ಇದು ಹಲವು ಸಲ ಇರುವುದಿಲ್ಲ. ಹಡಗಿನಲ್ಲಿ ನಿಮ್ಮ ಖಾತೆಗೆ ಬೀಳುತ್ತದೆ. ಆರು ಜನ, ನಾಲ್ಕು ರಾತ್ರಿ ಎಂದರೆ 24 ಆಯಿತು. ಹದಿನೆಂಟು ಡಾಲರಿನಂತೆ ಹಿಡಿದರೆ 432 ಡಾಲರ್. ಡಾಲರಿಗೆ 85 ರೂಪಾಯಿ ಎಂದರೂ 36,000 ದಾಟುತ್ತದೆ. ನಿಮ್ಮ ಏಜೆಂಟರ "ಎಲ್ಲವೂ ಸೇರಿ"ಯಲ್ಲಿ ಈ ಟಿಪ್ಸ್ ಸೇರಿದ್ದರೆ ಅವರು ದುಬಾರಿಯಲ್ಲ, ಸೇರಿಲ್ಲದಿದ್ದರೆ ದುಬಾರಿ. ಆದ್ದರಿಂದ ಕ್ಯಾಬಿನ್ ದರ, ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ, ಟಿಸಿಎಸ್ (ಮಾರುವವರು ನಿಮ್ಮಿಂದ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), ಅವರ ಸೇವಾಶುಲ್ಕ, ಇಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಿಂದ ಟಿಸಿಎಸ್ ಇದೆ. ಈಚಿನ ಬಜೆಟ್‌ಗಳಲ್ಲಿ ಅದರ ದರ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ. ಹಿಡಿದ ಹಣ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ವಜಾ ಆಗುತ್ತದೆ. ಹಾಗಾಗಿ ಅದನ್ನು ಏಜೆಂಟರ ಲಾಭವೆಂದು ಲೆಕ್ಕ ಹಾಕಬೇಡಿ.

ಇನ್ನು ಕಮಿಷನ್. ಏಜೆಂಟರಿಗೆ ಅದನ್ನು ಕೊಡುವುದು ಕ್ರೂಸ್ ಕಂಪನಿ, ಅದೂ ಕ್ಯಾಬಿನ್ ದರದ ಮೇಲೆ. ಬಂದರು ಶುಲ್ಕದ ಮೇಲೆ ಅಲ್ಲ. ಆದ್ದರಿಂದಲೇ ಒಳ್ಳೆಯ ಏಜೆಂಟರು ಕಂಪನಿಯ ದರಕ್ಕೇ ಕೊಟ್ಟೂ ಬದುಕಬಲ್ಲರು, ಕೆಲವೊಮ್ಮೆ ಮೊದಲೇ ಹಿಡಿದಿಟ್ಟ ಗುಂಪಿನ ಕ್ಯಾಬಿನ್‌ಗಳಿಂದ ಕಡಿಮೆಗೂ ಕೊಡಬಲ್ಲರು. ನೀವು ಯೋಚಿಸಬೇಕಾದದ್ದು ದರಕ್ಕಿಂತ ಹೆಚ್ಚಾಗಿ, ಆ ಬುಕಿಂಗ್ ಯಾರ ಕೈಯಲ್ಲಿರುತ್ತದೆ ಎಂಬುದನ್ನು. ಏಜೆಂಟರ ಮೂಲಕ ಮಾಡಿದ ಬುಕಿಂಗ್ ಅವರ ಹೆಸರಿನಲ್ಲಿ ಕೂರುತ್ತದೆ. ಕ್ಯಾಬಿನ್ ಬದಲಿಸಬೇಕು, ದಿನಾಂಕ ಮುಂದೂಡಬೇಕು ಎಂದು ನೀವು ಸಹಾಯವಾಣಿಗೆ ಫೋನ್ ಮಾಡಿದರೆ "ನಿಮ್ಮ ಏಜೆಂಟರನ್ನೇ ಕೇಳಿ" ಎಂಬ ಉತ್ತರ ಬರುತ್ತದೆ. ಏಜೆಂಟರು ಗಟ್ಟಿಗರಾಗಿದ್ದರೆ ಇದರಿಂದ ನಿಮಗೆ ನೆಮ್ಮದಿ. ಫೋನ್ ಎತ್ತದವರಾಗಿದ್ದರೆ ನಿಮ್ಮ ಕೈಕಾಲು ಕಟ್ಟಿದಂತೆಯೇ.

ಗಟ್ಟಿಗರೋ ಅಲ್ಲವೋ ತಿಳಿಯಲು ಎರಡು ಪ್ರಶ್ನೆ ಸಾಕು. ಅಪ್ಪನ ಕ್ಯಾಬಿನ್‌ನ ಮೇಲಿನ ಡೆಕ್‌ನಲ್ಲಿ, ಅಂದರೆ ಹಡಗಿನ ಮೇಲಿನ ಮಹಡಿಯಲ್ಲಿ, ಏನಿದೆ ಎಂದು ಕೇಳಿ. ಈಜುಕೊಳವೋ ಅಡುಗೆಮನೆಯೋ ಇದ್ದರೆ ಬೆಳಗಿನ ಜಾವದಿಂದಲೇ ಕುರ್ಚಿ ಎಳೆಯುವ ಸದ್ದು ಬೀಳುತ್ತದೆ. ಅನಂತರ, ಫುಕೆಟ್‌ನಲ್ಲಿ ಹಡಗು ಧಕ್ಕೆಗೆ ಕಟ್ಟುತ್ತದೆಯೋ, ಟೆಂಡರ್ ದೋಣಿಯಲ್ಲಿ ಇಳಿಯಬೇಕೋ ಎಂದು ಕೇಳಿ. ಅಲ್ಲಿ ಎಷ್ಟೋ ದೊಡ್ಡ ಹಡಗುಗಳು ಪಟಾಂಗ್ ಕಡಲತೀರದಾಚೆ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡ ಮುಟ್ಟಿಸುತ್ತವೆ. ಅಲೆಗೆ ಏರಿಳಿಯುವ ದೋಣಿಗೆ ಕಾಲಿಡುವಾಗ ಮಂಡಿ ಎಷ್ಟು ಬಾಗಬೇಕು ಎಂಬುದು ನಿಮ್ಮ ಅಪ್ಪನಿಗೆ ಆ ಕ್ಷಣದಲ್ಲಿ ಗೊತ್ತಾಗಬಾರದು, ಈಗಲೇ ಗೊತ್ತಾಗಬೇಕು. ಹಡಗು ಮಾರಿ ಪಳಗಿದವರು ನೀವು ಕೇಳುವ ಮೊದಲೇ ಮಂಡಿಯ ವಿಷಯ ಎತ್ತುತ್ತಾರೆ.

ಧಕ್ಕೆಯ ಬದಿ (ಮಂಗಳೂರು):

ಮೇಲಿನ ಹಿರಿಯರ ಮಾತು ಒಪ್ಪುತ್ತೇನೆ, ಆದರೆ ಏಜೆಂಟರ ವಿಷಯದಲ್ಲಿ ನಾನು ಅವರಷ್ಟು ಉದಾರಿಯಲ್ಲ. ಎರಡು ವರ್ಷದ ಹಿಂದೆ ನಾವು ಎಂಟು ಜನ ಇದೇ ಸಿಂಗಾಪುರದ ಕಡೆಯ ಕ್ರೂಸ್‌ಗೆ ಏಜೆಂಟರೊಬ್ಬರಿಗೆ ಪೂರ್ತಿ ಹಣ ಕಟ್ಟಿದ್ದೆವು, ಹೆಸರು ಬೇಡ. ಹೊರಡುವುದಕ್ಕೆ 75ರಿಂದ 90 ದಿನ ಮುಂಚೆ ಕಂಪನಿಗೆ ಬಾಕಿ ಹಣ ಸಂದಾಯವಾಗಬೇಕು ಎಂಬ ನಿಯಮ ಸಾಮಾನ್ಯವಾಗಿ ಇರುತ್ತದೆ. ನಾವು ಏಜೆಂಟರಿಗೆ ಸಮಯಕ್ಕೆ ಸರಿಯಾಗಿ ಕೊಟ್ಟಿದ್ದೆವು. ಅವರು ಅದನ್ನು ಮೇಲಿನ ದೊಡ್ಡ ಏಜೆಂಟರಿಗೆ ಕಳಿಸಲು ತಡ ಮಾಡಿದರು. ಪಕ್ಕಪಕ್ಕದಲ್ಲಿ ಹಿಡಿದಿಟ್ಟಿದ್ದ ನಾಲ್ಕು ಕ್ಯಾಬಿನ್‌ಗಳು ಕೈಬಿಟ್ಟು, ಕೊನೆಗೆ ಸಿಕ್ಕಿದ ನಾಲ್ಕು ಕ್ಯಾಬಿನ್‌ಗಳು ಮೂರು ಬೇರೆ ಬೇರೆ ಡೆಕ್‌ಗಳಲ್ಲಿದ್ದವು. ಅತ್ತೆಗೆ ರಾತ್ರಿಯ ಮಾತ್ರೆ ಕೊಡಲು ನನ್ನ ಹೆಂಡತಿ ದಿನಾ ಐದು ಡೆಕ್ ಇಳಿದು ಹೋಗಿ ಬರುತ್ತಿದ್ದಳು. ಪ್ರವಾಸವೇನೋ ಆಯಿತು, ಆದರೆ ಇದು ನಮಗೆ ತಿಳಿದದ್ದು ಹಡಗು ಹತ್ತುವ ದಿನ.

ಅಂದಿನಿಂದ ನಾನು ಮಾಡುವುದು ಇಷ್ಟೇ: ಮುಂಗಡ ಕೊಟ್ಟ ಎರಡು ದಿನದೊಳಗೆ ಕ್ರೂಸ್ ಕಂಪನಿಯದೇ ಬುಕಿಂಗ್ ಸಂಖ್ಯೆ ಕೇಳಿ ಪಡೆಯುತ್ತೇನೆ. ಏಜೆಂಟರ ರಸೀದಿಯ ಸಂಖ್ಯೆ ಅದಲ್ಲ. ಕಂಪನಿಯ ಆ್ಯಪ್‌ನಲ್ಲಿ ಆ ಸಂಖ್ಯೆ, ಕೊನೆಯ ಹೆಸರು ಮತ್ತು ಹೊರಡುವ ದಿನಾಂಕ ಹಾಕಿದರೆ ಕ್ಯಾಬಿನ್ ಯಾವುದು ಎಂಬುದು ಕಾಣುತ್ತದೆ, ಹಣ ಸಂದಾಯವಾಗಿದೆಯೇ ಎಂಬುದೂ ಬಹಳಷ್ಟು ಕಂಪನಿಗಳಲ್ಲಿ ಕಾಣುತ್ತದೆ.

ಕೊನೆಯ ಹೆಸರು ಎಂದಾಗ ನೆನಪಾಯಿತು, ಇದು ನಮ್ಮವರಿಗೇ ಇರುವ ತಾಪತ್ರಯ. ನಮ್ಮ ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಇರುವುದು ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಬುಕಿಂಗ್ ತಂತ್ರಾಂಶ ಎರಡು ಹೆಸರು ಕೇಳುತ್ತದೆಂದು ಏಜೆಂಟರ ಹುಡುಗ ಇನಿಷಿಯಲ್ ಅನ್ನೇ ಕೊನೆಯ ಹೆಸರಾಗಿ ತುಂಬಿದ್ದ, ವಿಮಾನದ ಟಿಕೆಟ್‌ನಲ್ಲಿ ಅದೇ ಹೆಸರು ಎರಡು ಸಲ ಇತ್ತು. ಮೂರು ಕಾಗದ, ಮೂರು ಥರ. ಹತ್ತುವ ಕೌಂಟರಿನಲ್ಲಿ ಮುಕ್ಕಾಲು ಗಂಟೆ ಅತ್ತೆಯನ್ನು ನಿಲ್ಲಿಸಿದ್ದರು. ನಿಮ್ಮ ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿ.

ಏಜೆಂಟರ ಪರವಾಗಿ ಒಂದು ಮಾತನ್ನೂ ಹೇಳಬೇಕು. ಇಲ್ಲಿನ ಏಜೆಂಟರು ರೂಪಾಯಿಯಲ್ಲಿ ಬಿಲ್ ಕೊಟ್ಟಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ನೇರವಾಗಿ ವಿದೇಶಿ ಕಂಪನಿಯೊಡನೆ ಮಾಡಿಕೊಂಡ ಕರಾರಿನಲ್ಲಿ ವ್ಯಾಜ್ಯದ ಸ್ಥಳ ಎಲ್ಲೋ ದೂರದ ಊರಾಗಿರುತ್ತದೆ. ನಾನು ದೂರು ಕೊಡಲಿಲ್ಲ, ಸೋಮಾರಿತನ.

ಜುರಾಂಗ್ ಕನ್ನಡಿಗ (ಸಿಂಗಾಪುರ):

ನೇರವಾಗಿ ಬುಕ್ ಮಾಡಿದರೂ ಏಜೆಂಟರಿಂದ ನೀವು ಪೂರ್ತಿ ತಪ್ಪಿಸಿಕೊಳ್ಳಲಾರಿರಿ ಎಂಬುದನ್ನು ಯಾರೂ ಹೇಳಲಿಲ್ಲ. ಸಿಂಗಾಪುರದ ವೀಸಾಕ್ಕೆ ಭಾರತದಿಂದ ಅರ್ಜಿ ಹೋಗುವುದು ಅಧಿಕೃತ ವೀಸಾ ಏಜೆಂಟರ ಮೂಲಕ. ಇಲ್ಲವೇ ಇಲ್ಲಿರುವ ಪರಿಚಿತ ನಾಗರಿಕರೋ ಕಾಯಂ ನಿವಾಸಿಗಳೋ ನಿಮ್ಮ ಪರವಾಗಿ ಹಾಕಬಹುದು. ಅರ್ಜಿ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟರ ಶುಲ್ಕ ಬೇರೆ. ಆದರೆ ವೀಸಾಕ್ಕಾಗಿ ಏಜೆಂಟರ ಬಳಿ ಹೋದ ಮಾತ್ರಕ್ಕೆ ಹಡಗನ್ನೂ ಅವರಲ್ಲೇ ಕೊಳ್ಳಬೇಕೆಂದಿಲ್ಲ. ಹಡಗಿನಲ್ಲಿ ಹೊರಟು ನಾಲ್ಕು ದಿನಕ್ಕೆ ಮರಳಿ ಬರುವುದು ಸಿಂಗಾಪುರಕ್ಕೆ ಎರಡನೇ ಪ್ರವೇಶವಾಗುತ್ತದೆ, ಆದ್ದರಿಂದ ವೀಸಾ ಬಂದ ಕೂಡಲೇ ಅದು ಹಲವು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ಆಗಮನ ಕಾರ್ಡ್ ಉಚಿತ, ಬರುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವುದು. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಬಿಡುತ್ತಿದೆ. ಪೆನಾಂಗ್ ಮತ್ತು ಫುಕೆಟ್ ಎರಡರ ನಿಯಮವನ್ನೂ ಹೊರಡುವ ಮುನ್ನ ಒಮ್ಮೆ ನೋಡಿ.

ಇನ್ನೊಂದು: ಇಲ್ಲಿ ಕ್ರೂಸ್ ಟರ್ಮಿನಲ್‌ಗಳು ಎರಡು. ಒಂದು ಮರೀನಾ ಸೌತ್ ಪಿಯರ್ ಮೆಟ್ರೊ ನಿಲ್ದಾಣದ ಹತ್ತಿರದ ಮರೀನಾ ಬೇ ಕ್ರೂಸ್ ಸೆಂಟರ್, ಇನ್ನೊಂದು ಹಾರ್ಬರ್‌ಫ್ರಂಟ್‌ನದು. ಏಜೆಂಟರು ಕೊಟ್ಟ ಕಾಗದದಲ್ಲಿ "ಸಿಂಗಾಪುರ್ ಕ್ರೂಸ್ ಟರ್ಮಿನಲ್" ಎಂದಷ್ಟೇ ಇದ್ದುದರಿಂದ ನನ್ನ ನಾದಿನಿಯ ಮನೆಯವರು ಪೆಟ್ಟಿಗೆಗಳೊಂದಿಗೆ ಹಾರ್ಬರ್‌ಫ್ರಂಟ್‌ನಲ್ಲಿ ಇಳಿದರು. ಅವರ ಹಡಗು ನಿಂತಿದ್ದದ್ದು ಮರೀನಾ ಬೇಯಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಗಂಡ-ಹೆಂಡತಿ ಇಬ್ಬರೇ ಆಗಿದ್ದರೆ ನೇರವಾಗಿ ಮಾಡಿ ಎನ್ನುತ್ತಿದ್ದೆ. ಮೂರು ಕ್ಯಾಬಿನ್, ಊರುಗೋಲು, ಎರಡು ಊರುಗಳಿಂದ ಬರುವವರು ಎಂದಾಗ ಒಬ್ಬರು ನೋಡಿಕೊಳ್ಳುವವರಿದ್ದರೆ ಒಳ್ಳೆಯದು, ಆದರೆ ಅವರು ಹಡಗನ್ನು ಬಲ್ಲವರಾಗಿರಬೇಕು.

ಕುಕ್ಕರಹಳ್ಳಿ (ಮೈಸೂರು):

ಮೂವರಿಗೂ ಕೃತಜ್ಞತೆಗಳು. ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಸರ್‌ನೇಮ್ ಜಾಗ ಖಾಲಿಯೇ.

ನಮ್ಮ ಏಜೆಂಟರಿಗೆ ಎರಡು ಪ್ರಶ್ನೆಗಳನ್ನೂ ಕೇಳಿದೆ. ಕ್ಯಾಬಿನ್ ಮೇಲೆ ಏನಿದೆ ಎಂಬುದಕ್ಕೆ "ಕೇಳಿ ಹೇಳುತ್ತೇನೆ" ಎಂದರು, ಅದು ಪ್ರಾಮಾಣಿಕ ಉತ್ತರವೆಂದೇ ಭಾವಿಸಿದೆ. ಫುಕೆಟ್ ಬಗ್ಗೆ ಮಾತ್ರ ತಡಮಾಡದೆ "ಧಕ್ಕೆಗೇ ಕಟ್ಟುತ್ತದೆ ಮೇಡಂ, ಮೆಟ್ಟಿಲಿಳಿದರೆ ಊರು" ಎಂದುಬಿಟ್ಟರು. ಕಂಪನಿಯ ಜಾಲತಾಣದಲ್ಲಿ ಆ ಹಡಗಿನ ದಿನಚರಿ ತೆರೆದರೆ ಫುಕೆಟ್ ಎದುರಿಗೆ ಟೆಂಡರ್ ಎಂದೇ ಬರೆದಿದೆ. ಟಿಪ್ಸ್ ಸೇರಿದೆಯೇ ಎಂದು ಕೇಳಿದ್ದಕ್ಕೆ "ಅದು ಹಡಗಿನಲ್ಲಿ ನಿಮ್ಮ ಇಷ್ಟ" ಎಂದರು.

ಹಾಗಾಗಿ ಇವರಿಂದ ವೀಸಾವನ್ನಷ್ಟೇ ಮಾಡಿಸುತ್ತೇನೆ. ಕ್ರೂಸ್‌ಗೆ ಬೆಂಗಳೂರಿನಲ್ಲಿ ಬೇರೆ ಒಬ್ಬರನ್ನು ಹುಡುಕಬೇಕೋ, ನಾನೇ ಮಾಡಬೇಕೋ ಇನ್ನೂ ತೀರ್ಮಾನಿಸಿಲ್ಲ. ಹಳೆಯ ಕೌಂಟರ್ ಅವರೇ, ನಾನೇ ಬುಕ್ ಮಾಡಿ, ಆಮೇಲೆ ಭಾರವೆನಿಸಿದರೆ ಏಜೆಂಟರಿಗೆ ವರ್ಗಾಯಿಸಲು ಆಗುತ್ತದೆಯೇ?

ಹಳೆಯ ಕೌಂಟರ್ (ಬೆಂಗಳೂರು):

ಕೆಲವು ಕಂಪನಿಗಳು ಬಿಡುತ್ತವೆ, ಅದೂ ಪೂರ್ತಿ ಹಣ ಕಟ್ಟುವ ಮೊದಲು, ಬುಕ್ ಮಾಡಿದ ಇಷ್ಟು ದಿನದೊಳಗೆ ಎಂಬ ಮಿತಿಯೊಂದಿಗೆ. ಮುಂಗಡ ಕಟ್ಟುವ ಮೊದಲೇ ಆ ಮಿತಿ ಎಷ್ಟೆಂದು ಕಂಪನಿಗೆ ಇಮೇಲ್ ಬರೆದು, ಉತ್ತರವನ್ನು ಇಟ್ಟುಕೊಳ್ಳಿ. ಅದೇ ಇಮೇಲ್‌ನಲ್ಲಿ ಅಮ್ಮನ ಹೆಸರನ್ನು ಅವರು ಹೇಗೆ ತುಂಬಬೇಕೆನ್ನುತ್ತಾರೆ ಎಂದೂ ಕೇಳಿ, ವಿಮಾನದ ಟಿಕೆಟನ್ನು ಅದು ತಿಳಿದ ಮೇಲೆ ತೆಗೆಯಿರಿ. ಮತ್ತೆ, ಫುಕೆಟ್‌ನಲ್ಲಿ ಅಪ್ಪ ದೋಣಿ ಹತ್ತದೆ ಹಡಗಿನಲ್ಲೇ ಉಳಿದರೆ ಅವರ ಜೊತೆ ಯಾರಿರುತ್ತೀರಿ ಎಂಬುದನ್ನು ಈಗಲೇ ಅಣ್ಣನೊಡನೆ ಮಾತಾಡಿಕೊಳ್ಳಿ.

ಕುಕ್ಕರಹಳ್ಳಿ (ಮೈಸೂರು):

ಮಾತಾಡಿದೆ. ಅಣ್ಣ ಬಾಯಿ ಬಿಡುವ ಮೊದಲೇ ಅಮ್ಮ, "ನಾನಿರುತ್ತೇನೆ, ನನಗೆ ಆ ಬೀಚು ಬೇಕಿಲ್ಲ" ಎಂದರು. ಇಮೇಲ್ ಈಗ ಕಳಿಸುತ್ತಿದ್ದೇನೆ.