ಸಹಾಯ ಬೇಕು: ಕರಿಯನ ನೆನಪಿನ ಕಲ್ಲು ಮತ್ತು ಹೊಸ ಮರಿಯ ತರಬೇತಿ

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ನಮ್ಮ ತೋಟವನ್ನು ಬಹಳ ವರ್ಷ ಕಾಯ್ದ ಮುಧೋಳ ನಾಯಿ ಕರಿಯ ಕಳೆದ ಬೇಸಿಗೆಯಲ್ಲಿ ತೀರಿಕೊಂಡಿತು. ಬದುವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದೇವೆ. ಅಲ್ಲೊಂದು ಕಲ್ಲು ನಿಲ್ಲಿಸಬೇಕೆಂಬುದು ನನ್ನ ಆಸೆ. ನಾಯಿಗೂ ಕಲ್ಲೇ ಎಂದು ಕೆಲವರು ಕೇಳುತ್ತಾರೆ. ಆದರೆ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಕ್ರಿ.ಶ. 950ರ ಸುಮಾರಿಗೆ ಗಂಗ ದೊರೆ ಬೂತುಗನ ಸೇನಾನಿ ಮಣಲೆರನು ಕಲ್ಲು ಹಾಕಿಸಿದ ಆತಕೂರು ನಮ್ಮ ತಾಲ್ಲೂಕಿನಲ್ಲಿಯೇ ಇದೆ (ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ). ಆ ಶಾಸನದಲ್ಲಿರುವಂತೆ ನಾಯಿಯ ಹೆಸರು ಮತ್ತು ಅದು ಮಾಡಿದ ಕೆಲಸ, ಇವೆರಡನ್ನೇ ಕೆತ್ತಿಸಲು ಬಯಸಿದ್ದೇನೆ.

ತೊಡಕಿರುವುದು ಹೆಸರಿನಲ್ಲಿ. ಈಗ ಮನೆಗೆ ಬಂದಿರುವ ಅದೇ ತಳಿಯ ಆರು ತಿಂಗಳ ಮರಿಗೆ ನಾನು ಬೇರೆ ಹೆಸರಿಟ್ಟಿದ್ದರೂ ಅವ್ವ ಅದನ್ನು ಕರಿಯ ಎಂದೇ ಕರೆಯುತ್ತಾರೆ, ಅವರ ದುಃಖ ನೋಡಿ ಬೇಡವೆನ್ನಲು ನನಗೆ ಮನಸ್ಸಾಗುವುದಿಲ್ಲ. ಉದ್ದನೆಯ ಹಗ್ಗ ಕಟ್ಟಿ, ಬೇಯಿಸಿದ ಕೋಳಿಯ ತುಣುಕು ಕೊಟ್ಟು, ಕರೆದಾಗ ಬರುವುದನ್ನು ಕಲಿಸಿದ್ದೇನೆ, ಅಂಗಳದಲ್ಲಿ ಬರುತ್ತದೆ. ಆದರೆ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿಯಾದ್ದರಿಂದ, ಗದ್ದೆಯಲ್ಲಿ ಮೇಕೆ ಓಡಿದ್ದು ಕಂಡರೆ ಯಾವ ಹೆಸರಿಗೂ ತಿರುಗುವುದಿಲ್ಲ. ಹೊಡೆದು ಕಲಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹೆದರಿದ ನಾಯಿ ಕರೆದವರಿಂದ ಇನ್ನಷ್ಟು ದೂರವಾಗುತ್ತದೆ.

ಮುಧೋಳ ನಾಯಿ ಸಾಕಿದವರು ದಯವಿಟ್ಟು ತಿಳಿಸಿ: ಎರಡು ಹೆಸರುಗಳ ಗೊಂದಲವನ್ನು ಬಿಟ್ಟು ಮರಿಗೆ ಸಿಳ್ಳೆಯೊಂದನ್ನೇ ಕರೆಯಾಗಿ ಕಲಿಸಬಹುದೇ, ಅಥವಾ ಕರಿಯನ ಹೆಸರನ್ನು ಕಲ್ಲಿಗೆ ಮಾತ್ರ ಉಳಿಸುವಂತೆ ಅವ್ವನನ್ನು ಒಪ್ಪಿಸಲೇಬೇಕೇ?